ಹೆಡರ್ ಸೇರಿದೆ ಅಂತ ಪ್ರಾಕ್ಸಿ ತೋರಿಸುತ್ತಿದೆ, ಬಂದೇ ಇಲ್ಲ ಅಂತ ಸರ್ವರ್ ಹೇಳುತ್ತಿದೆ

ಗಡಿಬಿಡಿ_ಗುಬ್ಬಿ · ಸೋಮವಾರ, ಬೆಳಿಗ್ಗೆ 10:12

ಎರಡು ದಿನದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಯಾರಾದರೂ ಒಮ್ಮೆ ನೋಡಿ.

ನಮ್ಮದೇ ಒಂದು ಮೊಬೈಲ್ ಆ್ಯಪ್ ಇದೆ. ಅದರ ಟೆಸ್ಟ್ ಸರ್ವರ್ ಪ್ರತಿ ರಿಕ್ವೆಸ್ಟ್‌ನಲ್ಲೂ ಎಕ್ಸ್-ಟೆಸ್ಟ್-ಲೇನ್ ಅನ್ನೋ ಹೆಡರ್ (ರಿಕ್ವೆಸ್ಟ್ ಜೊತೆ ಹೋಗುವ ಹೆಸರು-ಬೆಲೆಯ ಸಾಲು) ಕೇಳುತ್ತದೆ. ಇದ್ದರೆ ಹೊಸ ಕೋಡ್ ಓಡುತ್ತಿರುವ ಯಂತ್ರಕ್ಕೆ ದಾಟಿಸುತ್ತದೆ, ಇಲ್ಲದಿದ್ದರೆ 400 (ರಿಕ್ವೆಸ್ಟ್ ಸರಿಯಿಲ್ಲ) ಅಂತ ವಾಪಸ್ ಕಳಿಸುತ್ತದೆ. ಆ್ಯಪ್ ಈ ಹೆಡರ್ ಕಳಿಸುವುದಿಲ್ಲ. ಇದೊಂದಕ್ಕೋಸ್ಕರ ಆ್ಯಪ್ ಮತ್ತೆ ಬಿಲ್ಡ್ ಮಾಡುವುದು ಯಾಕೆ ಅಂತ ಮಧ್ಯದಲ್ಲಿ ಮಿಟ್ಮ್‌ಪ್ರಾಕ್ಸಿ ಕೂರಿಸಿದೆ, ಹಾದುಹೋಗುವ ರಿಕ್ವೆಸ್ಟ್‌ಗಳನ್ನು ತೋರಿಸುವ, ತಿದ್ದಲು ಬಿಡುವ ಪ್ರಾಕ್ಸಿ ಅದು. ಪೈಥಾನ್‌ನಲ್ಲಿ ಆರೇ ಸಾಲಿನ ಸ್ಕ್ರಿಪ್ಟ್. 'ರಿಕ್ವೆಸ್ಟ್' ಅನ್ನೋ ಫಂಕ್ಷನ್ ಬರೆದಿದ್ದೇನೆ. ಪೂರ್ತಿ ಯುಆರ್‌ಎಲ್‌ನಲ್ಲಿ ಎಲ್ಲಾದರೂ ನಮ್ಮ ಡೊಮೇನ್ ಹೆಸರು ಕಂಡರೆ ಈ ಹೆಡರ್ ಸೇರಿಸು, ಜೊತೆಗೆ ಟೆಸ್ಟ್ ಖಾತೆಯ ಆಥರೈಸೇಶನ್ ಟೋಕನ್ ಕೂಡ ಹಾಕು. ಅಷ್ಟೇ.

ಲಾಗಿನ್ ಸರಿ. ಪಟ್ಟಿ ತರುವುದು ಸರಿ. ಫೋಟೋ ಅಪ್‌ಲೋಡ್ ಕೂಡ ಸರಿ. ವಿಡಿಯೋ ಅಪ್‌ಲೋಡ್ ಮಾಡಿದರೆ ಮಾತ್ರ 400, ಹೆಡರ್ ಇಲ್ಲ ಅಂತ. ಆದರೆ ಪ್ರಾಕ್ಸಿಯ ವೆಬ್ ಪರದೆಯಲ್ಲಿ ಅದೇ ವಿಡಿಯೋ ರಿಕ್ವೆಸ್ಟ್ ತೆರೆದು ನೋಡಿದರೆ ಹೆಡರ್ ಅಲ್ಲೇ ಕೂತಿದೆ! ಸರ್ವರ್ ನೋಡಿಕೊಳ್ಳುವವರಿಗೆ ಚಿತ್ರ ಕಳಿಸಿದೆ. "ನಮ್ಮ ಕಡೆ ಬಂದಿಲ್ಲ" ಅಂತ ಒಂದೇ ಸಾಲಿನ ಉತ್ತರ.

ಬೈಟ್‌ಬುತ್ತಿ · 10:31

ಫೋನಿನಲ್ಲಿ ಪ್ರಾಕ್ಸಿಯ ಸರ್ಟಿಫಿಕೇಟ್ ಹಾಕಿದ್ದೀರಾ? ಎಚ್‌ಟಿಟಿಪಿಎಸ್ ಆದರೆ ಪ್ರಾಕ್ಸಿಗೆ ಕಾಣುವುದು ಕನೆಕ್ಟ್ ಅನ್ನೋ ಒಂದು ಸಾಲು ಮಾತ್ರ. ಯಾವ ಹೋಸ್ಟ್, ಯಾವ ಪೋರ್ಟ್, ಅಷ್ಟೇ. ಒಳಗಿನ ಹೆಡರ್‌ಗಳೆಲ್ಲ ಗೂಢಲಿಪಿಯಲ್ಲಿ ಇರುತ್ತವೆ. ಪ್ರಾಕ್ಸಿ ತನ್ನದೇ ಸರ್ಟಿಫಿಕೇಟ್ ತೋರಿಸಿ, ಫೋನು ಅದನ್ನು ನಂಬಿದರೆ ಮಾತ್ರ ಒಳಗೆ ಕೈ ಹಾಕಬಹುದು. ಆಂಡ್ರಾಯ್ಡ್ 7ರಿಂದ ಈಚೆಗೆ ಬಳಕೆದಾರ ಹಾಕಿದ ಸರ್ಟಿಫಿಕೇಟ್ ಅನ್ನು ಆ್ಯಪ್‌ಗಳು ತಾವಾಗಿ ನಂಬುವುದಿಲ್ಲ. ಡೀಬಗ್ ಬಿಲ್ಡ್‌ನ ನೆಟ್‌ವರ್ಕ್ ಸೆಕ್ಯುರಿಟಿ ಫೈಲಿನಲ್ಲಿ ಬರೆಯಬೇಕು.

ಗಡಿಬಿಡಿ_ಗುಬ್ಬಿ · 10:36

ಹಾಕಿದ್ದೇನೆ, ಡೀಬಗ್ ಬಿಲ್ಡೇ. ಅದು ಇಲ್ಲದಿದ್ದರೆ ಲಾಗಿನ್ ಕೂಡ ಆಗುತ್ತಿರಲಿಲ್ಲ ಅಲ್ವಾ?

ಅರೆಬರೆ_ಕೋಡ್ · 10:50

ವಿಡಿಯೋ ಅಪ್‌ಲೋಡ್‌ಗೆ ಬೇರೆ ಲೈಬ್ರರಿ ಇದ್ದರೆ? ಅದು ಪ್ರಾಕ್ಸಿಯನ್ನು ಕೇಳದೆ ನೇರವಾಗಿ ಹೋಗುತ್ತಿರಬಹುದು. ಕೆಲವು ಲೈಬ್ರರಿಗಳು ಫೋನಿನ ಪ್ರಾಕ್ಸಿ ಸೆಟ್ಟಿಂಗ್ ಓದುವುದೇ ಇಲ್ಲ. ಇಲ್ಲವೇ ಎಚ್‌ಟಿಟಿಪಿ 3 ಇರಬಹುದು, ಅದು ಯುಡಿಪಿ ಮೇಲೆ ಓಡುತ್ತದೆ, ಮಾಮೂಲಿ ಪ್ರಾಕ್ಸಿ ಸೆಟ್ಟಿಂಗ್‌ನ ಪಕ್ಕದಿಂದ ನುಸುಳಿ ಹೋಗಬಹುದು.

ಬೈಟ್‌ಬುತ್ತಿ · 10:54

ನೇರ ಹೋಗಿದ್ದರೆ ಪ್ರಾಕ್ಸಿಯ ಪರದೆಯಲ್ಲಿ ಕಾಣುತ್ತಲೇ ಇರಲಿಲ್ಲ. ಇವರಿಗೆ ಕಾಣುತ್ತಿದೆ, ಹೆಡರ್ ಸಮೇತ. ನನಗೀಗ ದೊಡ್ಡಕ್ಷರ ಸಣ್ಣಕ್ಷರದ ಮೇಲೆ ಅನುಮಾನ. ಎಚ್‌ಟಿಟಿಪಿ 1.1ರಲ್ಲಿ ಹೆಡರ್ ಹೆಸರು ಹೇಗೆ ಬರೆದರೂ ಒಂದೇ. ಎಚ್‌ಟಿಟಿಪಿ 2ರಲ್ಲಿ ಪೂರ್ತಿ ಸಣ್ಣಕ್ಷರದಲ್ಲೇ ಇರಬೇಕು, ದೊಡ್ಡಕ್ಷರ ಕಂಡರೆ ಇಡೀ ರಿಕ್ವೆಸ್ಟೇ ಕೆಟ್ಟದ್ದು ಅಂತ ಲೆಕ್ಕ. ನೀವು ಹೇಗೆ ಬರೆದಿದ್ದೀರಿ?

ಗಡಿಬಿಡಿ_ಗುಬ್ಬಿ · 11:02

ದೊಡ್ಡಕ್ಷರ ಇತ್ತು. ಸಣ್ಣದು ಮಾಡಿದೆ. ಏನೂ ಬದಲಾಗಲಿಲ್ಲ. ಹಾಗೆ ನೋಡಿದರೆ ಎಚ್‌ಟಿಟಿಪಿ 2 ಆದಾಗ ಮಿಟ್ಮ್‌ಪ್ರಾಕ್ಸಿ ಲಾಗ್‌ನಲ್ಲಿ ಒಂದು ಎಚ್ಚರಿಕೆ ಬರೆದು ತಾನೇ ಸಣ್ಣಕ್ಷರ ಮಾಡಿ ಕಳಿಸುತ್ತಿತ್ತು. ಆ ಎಚ್ಚರಿಕೆಯನ್ನು ನಾನು ಇಷ್ಟು ದಿನ ಕಣ್ಣೆತ್ತಿಯೂ ನೋಡಿರಲಿಲ್ಲ.

ಕಲಿಯುವ_ಕಾಗೆ · 11:20

ನನ್ನದೂ ಇದೇ ಕಥೆ! ನನಗೆ ದೊಡ್ಡದು ಚಿಕ್ಕದು ಯಾವುದಕ್ಕೂ ಹೆಡರ್ ತಲುಪುವುದಿಲ್ಲ. ಸರ್ವರ್ ಮುಂದೆ ಎಂಜಿನ್‌ಎಕ್ಸ್ (ರಿಕ್ವೆಸ್ಟ್ ತೆಗೆದುಕೊಂಡು ಒಳಗೆ ದಾಟಿಸುವ ವೆಬ್ ಸರ್ವರ್) ಇದೆ. ನನ್ನ ಹೆಡರ್ ಹೆಸರು ಬಿಲ್ಡ್_ಟ್ಯಾಗ್.

ಹಳೇ_ತಂತಿ · 11:41

ಕಾಗೆಯವರೇ, ನಿಮ್ಮದು ಬೇರೆ ರೋಗ. ಹೆಸರಿನ ಮಧ್ಯೆ ಅಂಡರ್‌ಸ್ಕೋರ್ ಇದೆ. ಎಂಜಿನ್‌ಎಕ್ಸ್ ತನ್ನ ಮೂಲ ಸೆಟ್ಟಿಂಗ್‌ನಲ್ಲಿ ಅಂಡರ್‌ಸ್ಕೋರ್ ಇರುವ ಹೆಡರನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಎರರ್ ಲಾಗಿನ ಮಟ್ಟವನ್ನು 'ಇನ್ಫೋ'ಗೆ ಇಳಿಸಿದರೆ ಮಾತ್ರ ಕಾಣುತ್ತದೆ. ಇದು ಮೊಂಡುತನ ಅಲ್ಲ, ಕಾರಣ ಇದೆ. ವೆಬ್ ಸರ್ವರ್ ಬೇರೆ ಪ್ರೋಗ್ರಾಂ ಓಡಿಸುವ ಹಳೆಯ ಸಿಜಿಐ ಪದ್ಧತಿಯಲ್ಲಿ ಹೆಡರ್ ಹೆಸರು ಎನ್ವಿರಾನ್‌ಮೆಂಟ್ ವೇರಿಯಬಲ್ ಆಗುವಾಗ ಹೈಫನ್ ಕೂಡ ಅಂಡರ್‌ಸ್ಕೋರ್ ಆಗುತ್ತದೆ. ಆಗ ಬಿಲ್ಡ್-ಟ್ಯಾಗ್ ಮತ್ತು ಬಿಲ್ಡ್_ಟ್ಯಾಗ್ ಎರಡೂ ಒಂದೇ ಪೆಟ್ಟಿಗೆಗೆ ಬೀಳುತ್ತವೆ. ಒಬ್ಬರು ನಂಬಿಕೆಯಿಂದ ಇಟ್ಟ ಹೆಡರ್ ಮೇಲೆ ಇನ್ನೊಬ್ಬರು ಕಳ್ಳ ಹೆಡರ್ ಕೂರಿಸಬಹುದು. ಅನುಮತಿಸುವ ಸೆಟ್ಟಿಂಗ್ ಇದೆ, ಆದರೆ ಅದನ್ನು ಮುಟ್ಟಬೇಡಿ. ಹೈಫನ್ ಹಾಕಿ, ಮುಗಿಯಿತು.

ಗುಬ್ಬಿಯವರಿಗೆ ಮೂರು ಪ್ರಶ್ನೆ. ಫೋಟೋ ಎಷ್ಟು ದೊಡ್ಡದು, ವಿಡಿಯೋ ಎಷ್ಟು? ಎಷ್ಟು ಗಾತ್ರದಿಂದ ಕೆಡುತ್ತದೆ ಅಂತ ಅಳೆದಿದ್ದೀರಾ? ಮತ್ತು ನಿಮ್ಮ ಹೆಡರ್ ತಂತಿ ಮೇಲೆ ನಿಜವಾಗಿ ಹೋಯಿತಾ ಅಂತ ಪ್ರಾಕ್ಸಿ ಬಿಟ್ಟು ಬೇರೆಲ್ಲಾದರೂ ನೋಡಿದ್ದೀರಾ?

ಗಡಿಬಿಡಿ_ಗುಬ್ಬಿ · 11:48

ಪ್ರಾಕ್ಸಿಯೇ ತೋರಿಸುತ್ತಿದೆಯಲ್ಲ, ಇನ್ನೆಲ್ಲಿ ನೋಡಬೇಕು?

ಹಳೇ_ತಂತಿ · 11:59

ಅಲ್ಲೇ ಇರುವುದು ಗಂಟು. ಪ್ರಾಕ್ಸಿ ತೋರಿಸುವುದು ಅದರ ನೆನಪಿನಲ್ಲಿರುವ ಪ್ರತಿಯನ್ನು. ನಿಮ್ಮ ಸ್ಕ್ರಿಪ್ಟ್ ತಿದ್ದುವುದೂ ಆ ಪ್ರತಿಯನ್ನೇ. ಕಾಗದ ಅಂಚೆಗೆ ಹಾಕಿದ ಮೇಲೆ ಮನೆಯಲ್ಲಿರುವ ನಕಲಿನಲ್ಲಿ ಒಂದು ಸಾಲು ಸೇರಿಸಿದರೆ, ನಕಲಿನಲ್ಲಿ ಸಾಲು ಕಾಣುತ್ತದೆ, ಕಾಗದ ತಲುಪಿದವರಿಗೆ ಕಾಣುವುದಿಲ್ಲ.

ಪೈಥಾನ್‌ನಲ್ಲೇ ಇರುವ ಎಚ್‌ಟಿಟಿಪಿ ಸರ್ವರ್ ಮಾಡ್ಯೂಲ್ ತಗೊಂಡು ಹತ್ತು ಸಾಲಿನ ಸರ್ವರ್ ಬರೆಯಿರಿ. ಪೋಸ್ಟ್ ರಿಕ್ವೆಸ್ಟ್ ಬಂದರೆ ಹೆಡರ್‌ಗಳನ್ನೆಲ್ಲ ಮುದ್ರಿಸು, 200 (ಸರಿ) ಕಳಿಸು. ಪ್ರಾಕ್ಸಿ ಮೂಲಕ ಕರ್ಲ್‌ನಿಂದ (ಕಮಾಂಡ್ ಲೈನ್‌ನಲ್ಲಿ ರಿಕ್ವೆಸ್ಟ್ ಕಳಿಸುವ ಸಾಧನ) ಬೇರೆ ಬೇರೆ ಗಾತ್ರದ ಫೈಲ್ ಕಳಿಸಿ. ಸ್ಕ್ರಿಪ್ಟ್‌ನಲ್ಲಿ ಡೊಮೇನ್ ಪರೀಕ್ಷೆಯನ್ನು ಸದ್ಯಕ್ಕೆ ಈ ಸರ್ವರ್‌ಗೆ ಹೊಂದಿಸಿಕೊಳ್ಳಿ. 1 ಎಂಬಿ, 10 ಎಂಬಿ, ಆಮೇಲೆ ಮಧ್ಯಕ್ಕೆ ಕತ್ತರಿಸುತ್ತಾ ಬನ್ನಿ.

ಗಡಿಬಿಡಿ_ಗುಬ್ಬಿ · ಮಧ್ಯಾಹ್ನ 1:25

ಊಟ ಬಿಟ್ಟು ಮಾಡಿದೆ. 1 ಎಂಬಿ ಸರಿ. 10 ಎಂಬಿ ಹೆಡರ್ ಇಲ್ಲ. 4 ಸರಿ. 6 ಇಲ್ಲ. ಇನ್ನೂ ಒಳಗೆ ಹೋದರೆ ಸುಮಾರು 52,42,880 ಬೈಟ್ ಹತ್ತಿರ ಗೆರೆ ಎಳೆದ ಹಾಗಿದೆ. 5 ಸಲ 1024 ಸಲ 1024! ಮತ್ತೆ ಪ್ರಾಕ್ಸಿ ಪರದೆಯಲ್ಲಿ ಎಲ್ಲದಕ್ಕೂ ಹೆಡರ್ ಇದೆ. ನನಗೆ ಈಗ ಮೈ ಜುಂ ಅನ್ನುತ್ತಿದೆ. ನಾನು ಎಲ್ಲೂ 5 ಅಂತ ಬರೆದೇ ಇಲ್ಲ.

ಹಳೇ_ತಂತಿ · 1:33

ನೀವು ಬರೆದಿಲ್ಲ, ಬೇರೆ ಯಾರೋ ಬರೆದಿದ್ದಾರೆ. ಹೋಮ್ ಫೋಲ್ಡರ್‌ನಲ್ಲಿ ಚುಕ್ಕಿಯಿಂದ ಶುರುವಾಗುವ ಮಿಟ್ಮ್‌ಪ್ರಾಕ್ಸಿ ಫೋಲ್ಡರ್ ಇರುತ್ತದೆ. ಅದರಲ್ಲಿ ಕಾನ್ಫಿಗ್ ಫೈಲ್ ಇದೆಯಾ ನೋಡಿ. 'ಸ್ಟ್ರೀಮ್ ಲಾರ್ಜ್ ಬಾಡೀಸ್' ಅನ್ನೋ ಸಾಲು ಹುಡುಕಿ.

ಗಡಿಬಿಡಿ_ಗುಬ್ಬಿ · 1:37

ಇದೆ. 5ಎಂ ಅಂತ ಬರೆದಿದೆ. ಈ ಯಂತ್ರವನ್ನು ನನಗಿಂತ ಮುಂಚೆ ಬಳಸುತ್ತಿದ್ದ ಸಹೋದ್ಯೋಗಿ ಹಾಕಿರಬೇಕು. ಆದರೆ ಇದಕ್ಕೂ ಹೆಡರ್‌ಗೂ ಏನು ಸಂಬಂಧ?

ಹಳೇ_ತಂತಿ · 2:10

ಪೂರ್ತಿ ಹೇಳುತ್ತೇನೆ. ಇಲ್ಲಿ ತುಂಬ ಜನ ಎಡವುತ್ತಾರೆ, ನಾನೂ ಎಡವಿದ್ದೇನೆ.

ಒಂದು ರಿಕ್ವೆಸ್ಟ್ ಪ್ರಾಕ್ಸಿಗೆ ಬರುವಾಗ ಮೊದಲು ಹೆಡರ್‌ಗಳು ಬರುತ್ತವೆ, ಆಮೇಲೆ ಬಾಡಿ, ಅಂದರೆ ಕಳಿಸುವ ಮಾಹಿತಿ. ಮಿಟ್ಮ್‌ಪ್ರಾಕ್ಸಿ ನಿಮ್ಮ ಸ್ಕ್ರಿಪ್ಟನ್ನು ಎರಡು ಹೊತ್ತಿನಲ್ಲಿ ಕರೆಯಬಲ್ಲದು. ಹೆಡರ್ ಓದಿದ ತಕ್ಷಣ 'ರಿಕ್ವೆಸ್ಟ್‌ಹೆಡರ್ಸ್' ಅನ್ನೋ ಫಂಕ್ಷನ್. ಬಾಡಿ ಪೂರ್ತಿ ಬಂದ ಮೇಲೆ 'ರಿಕ್ವೆಸ್ಟ್' ಅನ್ನೋ ಫಂಕ್ಷನ್. ಮಾಮೂಲಿ ದಿನಗಳಲ್ಲಿ ಪ್ರಾಕ್ಸಿ ಎಲ್ಲವನ್ನೂ ಹಿಡಿದಿಟ್ಟುಕೊಂಡು, ಎರಡೂ ಫಂಕ್ಷನ್ ಮುಗಿದ ಮೇಲೆ ಆಚೆ ಕಳಿಸುತ್ತದೆ. ಹಾಗಾಗಿ ಎಲ್ಲಿ ಹೆಡರ್ ಸೇರಿಸಿದರೂ ನಡೆಯುತ್ತದೆ. ಅಂತರ್ಜಾಲದ ಬಹುತೇಕ ಉದಾಹರಣೆಗಳು 'ರಿಕ್ವೆಸ್ಟ್' ಫಂಕ್ಷನ್ನೇ ತೋರಿಸುತ್ತವೆ, ನಾವೂ ಅದನ್ನೇ ನಕಲು ಹೊಡೆಯುತ್ತೇವೆ.

ಸ್ಟ್ರೀಮ್ ಆಯ್ಕೆ ಹಾಕಿದಾಗ ಆಟ ಬದಲಾಗುತ್ತದೆ. ಬಾಡಿ ಗಾತ್ರ ಮಿತಿ ದಾಟುತ್ತದೆ ಅಂತ ಗೊತ್ತಾದರೆ ಪ್ರಾಕ್ಸಿ ಹಿಡಿದಿಡುವುದಿಲ್ಲ. ಹೆಡರ್‌ಗಳನ್ನು ಮೊದಲು ಆಚೆ ದಾಟಿಸುತ್ತದೆ, ಬಾಡಿಯನ್ನು ತುಂಡು ತುಂಡಾಗಿ ಹಿಂದೆ ಹರಿಸುತ್ತದೆ. ಕೊನೆಯ ತುಂಡು ಹೋದ ಮೇಲೆ 'ರಿಕ್ವೆಸ್ಟ್' ಫಂಕ್ಷನ್ ಕರೆಯುತ್ತದೆ. ನಿಮ್ಮ ಸ್ಕ್ರಿಪ್ಟ್ ಆಗ ಎದ್ದು ಹೆಡರ್ ಸೇರಿಸುತ್ತದೆ. ಬಸ್ಸು ಹೋಗಿ ಎಷ್ಟೋ ಹೊತ್ತಾಗಿದೆ. ಎರರ್ ಬರುವುದಿಲ್ಲ, ಯಾಕೆಂದರೆ ನೆನಪಿನಲ್ಲಿರುವ ಪ್ರತಿಯನ್ನು ತಿದ್ದುವುದು ತಪ್ಪಲ್ಲ. ಪರದೆ ಆ ತಿದ್ದಿದ ಪ್ರತಿಯನ್ನೇ ತೋರಿಸುತ್ತದೆ.

ಪರಿಹಾರ ಒಂದೇ ಪದ. ಫಂಕ್ಷನ್ ಹೆಸರನ್ನು 'ರಿಕ್ವೆಸ್ಟ್‌ಹೆಡರ್ಸ್' ಮಾಡಿ. ಒಳಗಿನದು ಏನೂ ಬದಲಿಸಬೇಡಿ.

ಗಡಿಬಿಡಿ_ಗುಬ್ಬಿ · 2:18

ಹೋಯಿತು!!! 80 ಎಂಬಿ ವಿಡಿಯೋ ಹೋಯಿತು, ಹೆಡರ್ ತಲುಪಿತು. ಎರಡು ದಿನ, ಒಂದು ಪದ.

ಅರೆಬರೆ_ಕೋಡ್ · 2:30

ನನ್ನ ಪ್ರಶ್ನೆ ಇದಕ್ಕೇ ಅಂಟಿಕೊಂಡಿದೆ. ನನಗೆ ಹೆಡರ್‌ನಲ್ಲಿ ಬಾಡಿಯ ಹ್ಯಾಶ್ (ಅದರ ಬೈಟ್‌ಗಳಿಂದ ಲೆಕ್ಕ ಹಾಕುವ ಗುರುತು) ಹಾಕಬೇಕು. 'ರಿಕ್ವೆಸ್ಟ್‌ಹೆಡರ್ಸ್' ಹೊತ್ತಿಗೆ ಬಾಡಿ ಬಂದೇ ಇರುವುದಿಲ್ಲ ಅಲ್ವಾ? ಮತ್ತೆ ಹ್ಯಾಶ್ ಹೇಗೆ?

ಹಳೇ_ತಂತಿ · 2:44

ಆಗುವುದಿಲ್ಲ. ಬಾಡಿ ನೋಡದೆ ಹ್ಯಾಶ್ ಇಲ್ಲ, ಬಾಡಿ ನೋಡುವಷ್ಟರಲ್ಲಿ ಹೆಡರ್ ಹೋಗಿರುತ್ತದೆ. ಎಚ್‌ಟಿಟಿಪಿಯಲ್ಲಿ ಬಾಡಿಯ ಬಾಲಕ್ಕೆ ಕಟ್ಟುವ ಟ್ರೇಲರ್ ಅನ್ನೋದು ಇದೆ, ಆದರೆ ಅದನ್ನು ಓದುವ ಸರ್ವರ್‌ಗಳು ಕಮ್ಮಿ. ನಿಮಗಿರುವ ದಾರಿ ಆ ರಿಕ್ವೆಸ್ಟನ್ನು ಪೂರ್ತಿ ಹಿಡಿದಿಡುವುದು. ಕಾನ್ಫಿಗ್‌ನಿಂದ ಆ ಒಟ್ಟಾರೆ ಮಿತಿ ತೆಗೆಯಿರಿ. ಬದಲಿಗೆ 'ರಿಕ್ವೆಸ್ಟ್‌ಹೆಡರ್ಸ್' ಒಳಗೆ, ಯಾವ ದಾರಿಗೆ ಹರಿಸಬೇಕೋ ಅದಕ್ಕೆ ಮಾತ್ರ ರಿಕ್ವೆಸ್ಟ್‌ನ 'ಸ್ಟ್ರೀಮ್' ಗುಣವನ್ನು ನಿಜ ಅಂತ ಮಾಡಿ. ಹ್ಯಾಶ್ ಬೇಕಾದ ದಾರಿಗೆ ಹಾಗೇ ಬಿಡಿ, ಅದಕ್ಕೆ 'ರಿಕ್ವೆಸ್ಟ್' ಫಂಕ್ಷನ್‌ನಲ್ಲಿ ಹ್ಯಾಶ್ ಲೆಕ್ಕ ಹಾಕಿ. ಹಿಡಿದಿಟ್ಟಷ್ಟೂ ರ‍್ಯಾಮ್ ತಿನ್ನುತ್ತದೆ. ಗುಬ್ಬಿಯವರ ಸಹೋದ್ಯೋಗಿ 5ಎಂ ಹಾಕಿದ್ದು ಸುಮ್ನೆ ಇರಲಿಕ್ಕಿಲ್ಲ.

ಮೌನಿ_ಸರ್ವರ್ · 3:05

ಎಲ್ಲರೂ ಖುಷಿಯಲ್ಲಿದ್ದೀರಿ, ನಾನು ಸ್ವಲ್ಪ ಕೆಡಿಸುತ್ತೇನೆ. ಗುಬ್ಬಿಯವರ ಮೊದಲ ಬರಹ ಮತ್ತೆ ಓದಿ. "ಪೂರ್ತಿ ಯುಆರ್‌ಎಲ್‌ನಲ್ಲಿ ಎಲ್ಲಾದರೂ ನಮ್ಮ ಡೊಮೇನ್ ಹೆಸರು ಕಂಡರೆ" ಟೋಕನ್ ಹಾಕು ಅಂದಿದ್ದಾರೆ. ಎಲ್ಲಾದರೂ!

ಅಂಕಿಅಂಶ ಕಲೆಹಾಕುವ ಹೊರಗಿನ ಸೇವೆಗಳು ಏನು ಮಾಡುತ್ತವೆ? ನೀವು ಯಾವ ಪುಟದಲ್ಲಿದ್ದೀರಿ ಅನ್ನೋದನ್ನು ತಮ್ಮ ಯುಆರ್‌ಎಲ್‌ನ ಪ್ರಶ್ನೆಚಿಹ್ನೆಯ ಆಚೆ ಸೇರಿಸಿ ಕಳಿಸುತ್ತವೆ. ಅಂದರೆ ಹೋಸ್ಟ್ ಅವರದು, ಕೊನೆಯಲ್ಲಿ ಪ್ಯಾರಾಮೀಟರ್ ಆಗಿ ನಿಮ್ಮ ಡೊಮೇನ್. ನಿಮ್ಮ ಸ್ಕ್ರಿಪ್ಟ್‌ಗೆ ಹೆಸರು ಕಾಣುತ್ತದೆ, ಟೋಕನ್ ಸೇರಿಸುತ್ತದೆ, ನಿಮ್ಮ ಟೆಸ್ಟ್ ಖಾತೆಯ ಕೀಲಿ ಪರರ ಲಾಗ್‌ಗೆ ಹೋಗುತ್ತದೆ. ಪರದೆಯಲ್ಲಿ ಬೇರೆ ಹೋಸ್ಟ್‌ಗಳಿಗೆ ಹೋದ ರಿಕ್ವೆಸ್ಟ್ ತೆರೆದು ನೋಡಿ.

ಗಡಿಬಿಡಿ_ಗುಬ್ಬಿ · 3:19

ಅಯ್ಯೋ. ಎರಡು ಹೊರಗಿನ ಹೋಸ್ಟ್‌ಗಳಿಗೆ ಹೋಗಿದೆ. ಟೋಕನ್ ರದ್ದು ಮಾಡಿಸಿದೆ. ಈಗ ಹೋಸ್ಟ್ ಹೆಸರು ನಮ್ಮ ಡೊಮೇನ್‌ನಿಂದ ಕೊನೆಯಾಗುತ್ತದಾ ಅಂತ ನೋಡುತ್ತಿದ್ದೇನೆ. ಇದು ಸಾಕಾ?

ಮೌನಿ_ಸರ್ವರ್ · 3:27

ಸಾಲದು. ಬರೀ ಕೊನೆ ನೋಡಿದರೆ ನಿಮ್ಮ ಹೆಸರಿನ ಮೊದಲಿಗೆ ನಾಲ್ಕಕ್ಷರ ಅಂಟಿಸಿ ಯಾರು ಬೇಕಾದರೂ ಡೊಮೇನ್ ಕೊಳ್ಳಬಹುದು, ಅದೂ ಹಾಗೇ ಕೊನೆಯಾಗುತ್ತದೆ. ಪೂರ್ತಿ ಸಮ ಇದೆಯಾ ನೋಡಿ, ಇಲ್ಲವೇ ಚುಕ್ಕಿ ಸೇರಿಸಿ ಕೊನೆ ನೋಡಿ. ಗೊತ್ತಿರುವ ಹೋಸ್ಟ್‌ಗಳ ಒಂದು ಪಟ್ಟಿ ಇಟ್ಟುಕೊಂಡರೆ ಇನ್ನೂ ನಿಶ್ಚಿಂತೆ.

ಇನ್ನೊಂದು. ಮಿಟ್ಮ್‌ಪ್ರಾಕ್ಸಿಯ ರಿಕ್ವೆಸ್ಟ್‌ನಲ್ಲಿ 'ಪ್ರೆಟಿ ಹೋಸ್ಟ್' ಅನ್ನೋ ಗುಣ ಹೋಸ್ಟ್ ಹೆಡರ್‌ಗೆ ಮೊದಲ ಮಣೆ ಹಾಕುತ್ತದೆ. ಟ್ರಾನ್ಸ್‌ಪರೆಂಟ್ ಮೋಡ್‌ನಲ್ಲಿ (ಫೋನಿನಲ್ಲಿ ಪ್ರಾಕ್ಸಿ ಸೆಟ್ ಮಾಡದೆ ನೆಟ್‌ವರ್ಕ್‌ನಲ್ಲೇ ದಾರಿ ತಿರುಗಿಸುವ ಬಗೆ) ಬರಿಯ 'ಹೋಸ್ಟ್' ಗುಣದಲ್ಲಿ ಐಪಿ ವಿಳಾಸ ಮಾತ್ರ ಇರುತ್ತದೆ, ಆಗ ಪ್ರೆಟಿ ಹೋಸ್ಟ್ ಬೇಕಾಗುತ್ತದೆ. ಆದರೆ ಹೋಸ್ಟ್ ಹೆಡರ್ ಕಳಿಸಿದವರ ಕೈಯಲ್ಲಿದೆ. ಅಲ್ಲಿ ಒಂದು ಹೆಸರು ಬರೆದು, ಕನೆಕ್ಷನ್ ಇನ್ನೊಂದು ಕಡೆಗೆ ಮಾಡಬಹುದು. ನಿಮ್ಮದು ಫೋನಿನಲ್ಲಿ ಪ್ರಾಕ್ಸಿ ಸೆಟ್ ಮಾಡಿದ ಮಾಮೂಲಿ ಮೋಡ್. ನಿಮಗೆ ಬರಿಯ 'ಹೋಸ್ಟ್' ಸಾಕು.

ಕಲಿಯುವ_ಕಾಗೆ · 3:40

ಹೈಫನ್ ಹಾಕಿದೆ, ಬಂತು! ಹಳೇ ತಂತಿಯವರಿಗೆ ಧನ್ಯವಾದ. ಈಗ ಹೊಸ ತಕರಾರು. ಯಾವ ಪುಟದಿಂದ ಬಂದದ್ದು ಅಂತ ಹೇಳುವ ರೆಫರರ್ ಹೆಡರ್ ತೆಗೆಯಲು ಒಂದು ಸಾಲು ಬರೆದಿದ್ದೇನೆ. ತೆಗೆಯುವುದೇ ಇಲ್ಲ. ಎರರ್ರೂ ಇಲ್ಲ.

ಬೈಟ್‌ಬುತ್ತಿ · 3:44

ಕಾಗುಣಿತ ಸರಿಯಾಗಿ ಬರೆದಿದ್ದೀರಾ?

ಕಲಿಯುವ_ಕಾಗೆ · 3:45

ನಿಘಂಟಿನಲ್ಲಿ ಇರುವ ಹಾಗೇ.

ಬೈಟ್‌ಬುತ್ತಿ · 3:47

ಅದೇ ತಪ್ಪು 😄 ಇಂಗ್ಲಿಷ್ ಪದದಲ್ಲಿ ಮಧ್ಯೆ ಎರಡು ಆರ್. ಹೆಡರ್‌ನಲ್ಲಿ ಒಂದೇ. ಮೊದಲ ದಿನಗಳಲ್ಲೇ ತಪ್ಪಾಗಿ ಬರೆದರು, 1996ರ ಎಚ್‌ಟಿಟಿಪಿ 1.0 ದಾಖಲೆಯಲ್ಲೂ ಹಾಗೇ ಅಚ್ಚಾಯಿತು, ಇವತ್ತಿಗೂ ಹಾಗೇ ಇದೆ. ಇನ್ನೂ ಮಜಾ ಅಂದರೆ ಆಮೇಲೆ ಬಂದ ರೆಫರರ್-ಪಾಲಿಸಿ ಅನ್ನೋ ಹೆಡರ್‌ನಲ್ಲಿ ಎರಡು ಆರ್ ಸರಿಯಾಗಿವೆ. ಇಲ್ಲದ ಹೆಸರನ್ನು ತೆಗಿ ಅಂದರೆ, ಮತ್ತು 'ಇಲ್ಲದಿದ್ದರೂ ಪರವಾಗಿಲ್ಲ' ಅನ್ನೋ ರೀತಿಯಲ್ಲಿ ಬರೆದಿದ್ದರೆ, ಪೈಥಾನ್ ಸುಮ್ಮನಿರುತ್ತದೆ.

ಅರೆಬರೆ_ಕೋಡ್ · 4:02

ಇದೆಲ್ಲ ಓದಿ ಒಂದು ಅನುಮಾನ. ಇದೇ ಕೆಲಸ ಬ್ರೌಸರ್ ಎಕ್ಸ್‌ಟೆನ್ಶನ್‌ನಲ್ಲಿ ಮಾಡಬಹುದಲ್ಲ? ಪುಟದ ಜಾವಾಸ್ಕ್ರಿಪ್ಟ್‌ನಲ್ಲೇ ಸೇರಿಸಬಹುದಲ್ಲ? ಪ್ರಾಕ್ಸಿ ಯಾಕೆ?

ಹಳೇ_ತಂತಿ · 4:25

ಬ್ರೌಸರ್ ಮಾತ್ರ ಪರೀಕ್ಷಿಸುವುದಾದರೆ ಎಕ್ಸ್‌ಟೆನ್ಶನ್ ಸಾಕು, ಸುಲಭ ಕೂಡ. ಮೊಬೈಲ್ ಆ್ಯಪ್, ಕಮಾಂಡ್ ಲೈನ್ ಸಾಧನ ಇವಕ್ಕೆ ಪ್ರಾಕ್ಸಿ ಬೇಕು.

ಜಾವಾಸ್ಕ್ರಿಪ್ಟ್‌ನಲ್ಲಿ ಸೇರಿಸುವುದಕ್ಕೂ ಪ್ರಾಕ್ಸಿಯಲ್ಲಿ ಸೇರಿಸುವುದಕ್ಕೂ ದೊಡ್ಡ ವ್ಯತ್ಯಾಸ ಇದೆ. ಪುಟದ ಕೋಡ್ ಬೇರೆ ಮೂಲದ ಸರ್ವರ್‌ಗೆ ಸ್ವಂತ ಹೆಡರ್ ಸೇರಿಸಿ ಕಳಿಸಿದರೆ, ಬ್ರೌಸರ್ ಮೊದಲು ಆಪ್ಷನ್ಸ್ ರಿಕ್ವೆಸ್ಟ್ ಕಳಿಸಿ "ಈ ಹೆಡರ್ ಕಳಿಸಲಾ?" ಅಂತ ಕೇಳುತ್ತದೆ. ಪ್ರಾಕ್ಸಿ ಸೇರಿಸಿದ್ದು ಬ್ರೌಸರ್‌ಗೆ ಗೊತ್ತೇ ಆಗುವುದಿಲ್ಲ, ಹಾಗಾಗಿ ಆ ಹೆಡರ್ ಬಗ್ಗೆ ಕೇಳುವುದೂ ಇಲ್ಲ. ಪ್ರಾಕ್ಸಿಯಲ್ಲಿ ಎಲ್ಲ ಚೆನ್ನಾಗಿ ಓಡಿ, ಆಮೇಲೆ ಅದೇ ಹೆಡರನ್ನು ನಿಜವಾದ ಕೋಡ್‌ಗೆ ಹಾಕಿದ ದಿನ ಕೋರ್ಸ್ ಎರರ್ (ಬೇರೆ ಮೂಲಕ್ಕೆ ಕಳಿಸಲು ಅನುಮತಿ ಇಲ್ಲ ಅನ್ನೋದು) ಬಂದು ಕೂತದ್ದನ್ನು ನೋಡಿದ್ದೇನೆ. ಯೂಸರ್-ಏಜೆಂಟ್ ಕೂಡ ಹಾಗೇ. ಹಾದಿಯಲ್ಲಿ ಬದಲಿಸಿದರೆ ಸರ್ವರ್‌ಗೆ ಹೊಸದು ಕಾಣುತ್ತದೆ, ಪುಟದ ಒಳಗಿನ ಕೋಡ್‌ಗೆ ಹಳೆಯದೇ ಕಾಣುತ್ತದೆ.

ಮತ್ತೆ ಮುಟ್ಟಬಾರದ ಹೆಡರ್‌ಗಳೂ ಇವೆ. ಕ್ಲೌಡ್ ಸಂಗ್ರಹಕ್ಕೆ ಸಹಿ ಹಾಕಿ ಹೋಗುವ ರಿಕ್ವೆಸ್ಟ್‌ಗಳಲ್ಲಿ ಸಹಿಯ ಪಟ್ಟಿಯಲ್ಲಿರುವ ಹೆಡರ್ ಒಂದು ಅಕ್ಷರ ಬದಲಾದರೂ 403 (ಅನುಮತಿ ಇಲ್ಲ). ಹೋಸ್ಟ್ ಆ ಪಟ್ಟಿಯಲ್ಲಿ ಇರುತ್ತದೆ. ಕಂಟೆಂಟ್-ಲೆಂತ್, ಟ್ರಾನ್ಸ್‌ಫರ್-ಎನ್‌ಕೋಡಿಂಗ್ ಇವನ್ನು ಕೈಯಾರೆ ಬರೆಯಬೇಡಿ. ಎರಡೂ ಒಟ್ಟಿಗೆ ಇದ್ದು ಒಂದಕ್ಕೊಂದು ಹೊಂದದಿದ್ದರೆ, ಒಂದು ರಿಕ್ವೆಸ್ಟ್ ಎಲ್ಲಿ ಮುಗಿಯಿತು ಅನ್ನೋದರಲ್ಲೇ ಮುಂದಿನ ಸರ್ವರ್‌ಗೂ ಹಿಂದಿನ ಸರ್ವರ್‌ಗೂ ಜಗಳ ಬರುತ್ತದೆ. ರಿಕ್ವೆಸ್ಟ್ ಸ್ಮಗ್ಲಿಂಗ್ ಅನ್ನೋ ದಾಳಿ ಹುಟ್ಟುವುದು ಇಲ್ಲೇ.

ಕಲಿಯುವ_ಕಾಗೆ · 4:40

ಹೆಡರ್ ಬೆಲೆಯನ್ನು ಕನ್ನಡದಲ್ಲೇ ಹಾಕಿದೆ, ಟ್ಯಾಗ್ 'ಪರೀಕ್ಷೆ' ಅಂತ. ಸರ್ವರ್ ಲಾಗ್‌ನಲ್ಲಿ ವಿಚಿತ್ರ ಅಕ್ಷರಗಳು ಬಂದಿವೆ. ಬಿಡಬೇಕಾ?

ಬೈಟ್‌ಬುತ್ತಿ · 4:51

ಹೆಡರ್ ಬೆಲೆಯಲ್ಲಿ ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ) ಮಾತ್ರ ನಂಬಬಹುದು. ಮಿಟ್ಮ್‌ಪ್ರಾಕ್ಸಿ ನಿಮ್ಮ ಪದವನ್ನು ಯುಟಿಎಫ್-8 ಬೈಟ್‌ಗಳಾಗಿ ಕಳಿಸುತ್ತದೆ, ಆಚೆ ಕಡೆ ಎಷ್ಟೋ ಸರ್ವರ್‌ಗಳು ಅದನ್ನು ಲ್ಯಾಟಿನ್-1 (ಒಂದು ಬೈಟ್‌ಗೆ ಒಂದು ಅಕ್ಷರ) ಅಂತ ಓದುತ್ತವೆ. ಬೇಕೇ ಬೇಕು ಅಂದರೆ ಪರ್ಸೆಂಟ್ ಎನ್‌ಕೋಡ್ (ಒಂದೊಂದು ಬೈಟನ್ನೂ % ಜೊತೆ ಎರಡು ಅಕ್ಷರವಾಗಿ ಬರೆಯುವುದು) ಮಾಡಿ ಕಳಿಸಿ, ಆ ಕಡೆ ಬಿಚ್ಚಿ. ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೆ 3 ಬೈಟ್, ಪರ್ಸೆಂಟ್ ರೂಪದಲ್ಲಿ 9 ಅಕ್ಷರ. 'ಪರೀಕ್ಷೆ'ಯಲ್ಲಿ ಪ, ರ, ಈಕಾರ, ಕ, ವಿರಾಮ, ಷ, ಎಕಾರ ಸೇರಿ 7 ಚಿಹ್ನೆ, ಒಟ್ಟು 63 ಅಕ್ಷರ. ಉದ್ದುದ್ದ ವಾಕ್ಯ ಹಾಕಿದರೆ ಹೆಡರ್ ಗಾತ್ರದ ಮಿತಿಗೆ ತಾಗುತ್ತೀರಿ. ಎಂಜಿನ್‌ಎಕ್ಸ್‌ನಲ್ಲಿ ಮೂಲ ಸೆಟ್ಟಿಂಗ್‌ನಂತೆ ಒಂದು ಹೆಡರ್ ಸಾಲು 8 ಕೆಬಿ ಮೀರಬಾರದು.

ಮೌನಿ_ಸರ್ವರ್ · 5:05

ಕೆಲಸ ಮುಗಿದ ಮೇಲೆ ಫೋನಿನಿಂದ ಪ್ರಾಕ್ಸಿಯ ಸರ್ಟಿಫಿಕೇಟ್ ತೆಗೆಯಿರಿ. ಅದರ ಖಾಸಗಿ ಕೀಲಿ ಗುಬ್ಬಿಯವರ ಆ ಚುಕ್ಕಿ ಫೋಲ್ಡರ್‌ನಲ್ಲೇ ಇದೆ, ಕಾನ್ಫಿಗ್ ಫೈಲಿನ ಪಕ್ಕದಲ್ಲಿ. ಅದು ಯಾರ ಕೈಗೆ ಸಿಕ್ಕಿದರೂ, ನಿಮ್ಮ ಫೋನು ನಂಬುವ ಸರ್ಟಿಫಿಕೇಟ್ ಅವರೂ ತಯಾರಿಸಬಹುದು. ಆ ಯಂತ್ರ ಹಿಂದೆ ಬೇರೆಯವರ ಬಳಿ ಇತ್ತು ಅಂದಿರಲ್ಲ?

ಗಡಿಬಿಡಿ_ಗುಬ್ಬಿ · 5:22

ಹೌದು, ಇತ್ತು. ಫೋಲ್ಡರ್ ಪೂರ್ತಿ ಅಳಿಸಿದೆ. ಮಿಟ್ಮ್‌ಪ್ರಾಕ್ಸಿ ಮತ್ತೆ ಶುರು ಮಾಡಿದ್ದಕ್ಕೆ ಹೊಸ ಕೀಲಿ, ಹೊಸ ಸರ್ಟಿಫಿಕೇಟ್ ಮಾಡಿಕೊಂಡಿತು. ಫೋನಿನಿಂದ ಹಳೆಯದು ತೆಗೆದು ಹೊಸದು ಹಾಕಿದೆ. ಅದರ ಜೊತೆ 5ಎಂ ಸಾಲೂ ಹೋಯಿತು. ಫಂಕ್ಷನ್ ಮಾತ್ರ 'ರಿಕ್ವೆಸ್ಟ್‌ಹೆಡರ್ಸ್' ಆಗಿಯೇ ಇರಲಿ ಅಂತ ಬಿಟ್ಟಿದ್ದೇನೆ. ಹೆಡರ್ ಮುದ್ರಿಸುವ ಹತ್ತು ಸಾಲಿನ ಸರ್ವರನ್ನೂ ಅಳಿಸಿಲ್ಲ. ಅರೆಬರೆಯವರೇ, ನಿಮ್ಮ ಹ್ಯಾಶ್ ಸ್ಕ್ರಿಪ್ಟ್ ಆದ ಮೇಲೆ ಅದಕ್ಕೆ ಒಮ್ಮೆ ಕಳಿಸಿ ನೋಡುತ್ತೀರಾದರೆ ಕೋಡ್ ಕೊಡುತ್ತೇನೆ.

ಅರೆಬರೆ_ಕೋಡ್ · 5:30

ಕೊಡಿ. ನನ್ನ ಪರದೆಯಲ್ಲಂತೂ ಹ್ಯಾಶ್ ಕಾಣುತ್ತಿದೆ 🙂